ಇವತ್ತು ರಜೆ ಯಾಕೆ? ನೀಲಗಿರಿಯ ಪ್ರಾಥಮಿಕ ತರಗತಿಯಲ್ಲಿ ಭೂಗೋಳ, ಸುದ್ದಿ ಮತ್ತು ಹಬ್ಬ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನಗೆ ಕೊಟ್ಟಿರುವ ವಿಷಯ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಭೂಗೋಳ, ಪ್ರಚಲಿತ ವಿದ್ಯಮಾನ ಮತ್ತು ಋತುಮಾನದ ಹಬ್ಬಗಳ ಬಗ್ಗೆ ಆಸಕ್ತಿ ಹುಟ್ಟಿಸುವುದು ಹೇಗೆ ಅನ್ನೋದು. ನಾನು ಇದನ್ನ ನೀಲಗಿರಿ ಜಿಲ್ಲೆಯನ್ನು ಇಟ್ಟುಕೊಂಡು ಮಾತಾಡ್ತೇನೆ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಕಳೆದರೆ ಸಿಗುವ ಜಿಲ್ಲೆ ಅದು. ನಮಗೆ ಪರವೂರೂ ಹೌದು, ನೆರೆಮನೆಯೂ ಹೌದು. ದೊಡ್ಡಬೆಟ್ಟ, ಕಲ್ಲಹಟ್ಟಿ, ಮಸಿನಗುಡಿ ಅನ್ನುವ ಹೆಸರುಗಳಲ್ಲೇ ಬೆಟ್ಟ, ಹಟ್ಟಿ, ಗುಡಿ ನಮಗೆ ಕೇಳಿಸುತ್ತವೆ.

ಮಕ್ಕಳು ಓದುವ ಮೊದಲ ಸುದ್ದಿ

ನಮ್ಮ ಶಾಲೆಗಳಲ್ಲಿ ಈ ಮೂರೂ ವಿಷಯ ಹೇಗೆ ನಡೆಯುತ್ತವೆ ಅಂತ ನಿಮಗೆಲ್ಲ ಗೊತ್ತಿದೆ. ಭೂಗೋಳ ಅಂದರೆ ನಕ್ಷೆಗೆ ಬಣ್ಣ ತುಂಬೋದು. ಸುದ್ದಿ ಅಂದರೆ ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ಹುಡುಗ ಪತ್ರಿಕೆಯ ಐದು ತಲೆಬರಹ ಗಡಗಡ ಓದೋದು. ಹಬ್ಬ ಅಂದರೆ ಒಂದು ಪ್ರಬಂಧ, ಇಲ್ಲವೇ ಗೋಡೆಗೆ ಒಂದು ಚಾರ್ಟು. ಮೂರರಿಂದ ಐದನೇ ತರಗತಿವರೆಗೆ ವಿಜ್ಞಾನವನ್ನೂ ಸಮಾಜವನ್ನೂ ಒಟ್ಟಿಗೆ ಪರಿಸರ ಅಧ್ಯಯನವಾಗಿ ಕಲಿಸಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೂ ತರಗತಿಯಲ್ಲಿ ಅವು ಮೂರು ಬೇರೆ ಡಬ್ಬಿಗಳಾಗಿಯೇ ಉಳಿದಿವೆ.

ನನ್ನ ವಾದ ಇಷ್ಟೇ. ಮಗುವಿಗೆ ಈ ಮೂರೂ ಈಗಾಗಲೇ ಒಂದೇ ಕಡೆ ಸಿಕ್ಕಿವೆ, ಅದು ರಜೆ. ಎಂಟು ವರ್ಷದ ಮಗು ತಾನಾಗಿ ಕಿವಿಗೊಟ್ಟು ಕೇಳುವ ಸರ್ಕಾರಿ ಸುದ್ದಿ ಯಾವುದು ಹೇಳಿ? ಜಿಲ್ಲಾಧಿಕಾರಿಗಳು ನಾಳೆ ರಜೆ ಕೊಟ್ಟಿದ್ದಾರಾ ಅನ್ನೋದು! ‘ರಜೆ ಯಾಕೆ?’ ಅಂತ ಒಂದೇ ಪ್ರಶ್ನೆ ಕೇಳಿದರೆ ಮಳೆ, ಬೆಟ್ಟ, ಹಬ್ಬ, ಸರ್ಕಾರ ಎಲ್ಲವೂ ಬರುತ್ತವೆ.

ಮಳೆಯ ರಜೆ: ಗೂಡಲೂರಿಗೆ ಇದೆ, ಮಸಿನಗುಡಿಗೆ ಯಾಕಿಲ್ಲ?

ಜುಲೈ ತಿಂಗಳಲ್ಲಿ ನೀಲಗಿರಿಯ ರಜೆ ಆದೇಶಗಳನ್ನು ಗಮನಿಸಿ. ಎಷ್ಟೋ ಸಲ ಅದು ಇಡೀ ಜಿಲ್ಲೆಗೆ ಇರೋಲ್ಲ. ಗೂಡಲೂರು, ಪಂದಲೂರು ತಾಲ್ಲೂಕುಗಳಿಗೆ ಮಾತ್ರ ಇರುತ್ತೆ. ಗೂಡಲೂರಿನಿಂದ ಮಸಿನಗುಡಿಗೆ ರಸ್ತೆಯಲ್ಲಿ ಸುಮಾರು 25 ಕಿ.ಮೀ. ಅಷ್ಟೆ. ಅಲ್ಲಿ ಕೊಡೆ ಹಿಡಿದರೂ ನೆನೆಯುವ ಮಳೆ, ಇಲ್ಲಿ ಕುರುಚಲು ಕಾಡು, ಒಣ ನೆಲ.

ಕಾರಣ ನಮಗೆ ಗೊತ್ತು. ನೈರುತ್ಯ ಮುಂಗಾರಿನ ಮೋಡ ಅರಬ್ಬಿ ಸಮುದ್ರದಿಂದ ಬಂದು ಜಿಲ್ಲೆಯ ಪಡುವಣ ಇಳಿಜಾರಿಗೆ ಬಡಿಯುತ್ತೆ. ಗಾಳಿ ಮೇಲೇರಿ ತಣ್ಣಗಾಗಿ, ದೇವಾಲ, ಗೂಡಲೂರು ಕಡೆ ಸುರಿದುಬಿಡುತ್ತೆ. ಆಮೇಲೆ ಊಟಿಯ ಎತ್ತರ ದಾಟಿ ಕೆಳಗಿಳಿಯುವಾಗ ಗಾಳಿ ಬೆಚ್ಚಗಾಗುತ್ತೆ, ಮಳೆ ಕಡಿಮೆಯಾಗುತ್ತೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಮಸಿನಗುಡಿ ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಕಲ್ಲಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು ಇಳಿದು ಬಂದ ಮಗುವಿಗೆ ಈ ವ್ಯತ್ಯಾಸ ಮೈಗೇ ಗೊತ್ತಾಗಿರುತ್ತೆ: ಮೇಲೆ ಸ್ವೆಟರ್, ಕೆಳಗೆ ಬೆವರು. ಪಡುವಣ ಇಳಿಜಾರಿಗೆ ಜುಲೈ ಮಳೆಗಾಲವಾದರೆ, ಮೂಡಣದ ಕೋತಗಿರಿ, ಕುನ್ನೂರಿನ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುವ ಹಿಂಗಾರು ಮುಖ್ಯ. ಒಂದೇ ಜಿಲ್ಲೆ, ಎರಡು ಮಳೆಗಾಲ.

‘ಮಳೆನೆರಳು’ ಅನ್ನುವ ಪದವನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಡಿ. ಮೊದಲು ಮಕ್ಕಳು ಅಳೆಯಲಿ. ನೇರ ಬದಿಯ ಸ್ಟೀಲ್ ಲೋಟ, ಒಂದು ಸ್ಕೇಲು ಇದ್ದರೆ ಸಾಕು. ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿ ಅಂತ ಎಲ್ಲ ಕೈಪಿಡಿಗಳೂ ಹೇಳ್ತವೆ. ನೀಲಗಿರಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೇ ನಿಷೇಧ ಇದೆ, ಅದೂ ಒಂದು ಪಾಠವೇ. ಬಯಲಲ್ಲಿ ಲೋಟ ಇಟ್ಟು, ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಎಷ್ಟು ಮಿಲಿಮೀಟರ್ ಅಂತ ಬರೆದಿಡೋದು. ಗೂಡಲೂರಿನ ಒಂದು ಶಾಲೆ, ಮಸಿನಗುಡಿಯ ಒಂದು ಶಾಲೆ, ಕೋತಗಿರಿಯ ಒಂದು ಶಾಲೆ ವಾರಕ್ಕೊಮ್ಮೆ ಫೋನಿನಲ್ಲಿ ಲೆಕ್ಕ ಹಂಚಿಕೊಂಡರೆ, ಜೂನ್‌ನಿಂದ ಡಿಸೆಂಬರ್‌ವರೆಗಿನ ಆ ಪಟ್ಟಿಯೇ ಅವರ ಭೂಗೋಳ ಪುಸ್ತಕ. ಗುಂಡ್ಲುಪೇಟೆ ಕಡೆಯ ಶಾಲೆಯೊಂದು ಸೇರಿಕೊಂಡರೆ ಇನ್ನೂ ಚೆಂದ. ಅಲ್ಲಿಯ ಅಜ್ಜ ಅಜ್ಜಿಯರು ಆರಿದ್ರಾ, ಪುಷ್ಯ, ಆಶ್ಲೇಷ ಅಂತ ಮಳೆಯನ್ನು ನಕ್ಷತ್ರದ ಹೆಸರಲ್ಲಿ ಲೆಕ್ಕ ಹಾಕ್ತಾರೆ. ಮಕ್ಕಳ ಲೋಟದ ಲೆಕ್ಕಕ್ಕೂ ಅಜ್ಜನ ಲೆಕ್ಕಕ್ಕೂ ತಾಳೆ ನೋಡಬಹುದು.

ಹೀಗೆ ಅಳೆದ ಮಗುವಿಗೆ ಸುದ್ದಿಯಲ್ಲಿ ಬರುವ ಅಂಕಿ ಬರೀ ಅಂಕಿಯಾಗಿ ಉಳಿಯೋಲ್ಲ. 2019ರ ಆಗಸ್ಟ್‌ನಲ್ಲಿ ಜಿಲ್ಲೆಯ ಅವಲಾಂಚಿಯಲ್ಲಿ ಒಂದೇ ದಿನ 800 ಮಿ.ಮೀ.ಗೂ ಹೆಚ್ಚು ಮಳೆ ಬಿತ್ತು. ಅಂದರೆ, ನೀರು ಹರಿದುಹೋಗದೆ ನಿಂತಿದ್ದರೆ ಟೀಚರ ಮೇಜು ಮುಳುಗುತ್ತಿತ್ತು. ಲೋಟದಲ್ಲಿ 20 ಮಿ.ಮೀ. ಕಂಡು ‘ಅಬ್ಬಾ’ ಅಂದ ಮಗು ಇದನ್ನು ಕೇಳಿದಾಗ ಸುಮ್ಮನಾಗುತ್ತೆ. ಆ ಮೌನದಲ್ಲಿ ಅದಕ್ಕೆ ಸುದ್ದಿ ಅರ್ಥವಾಗಿರುತ್ತೆ.

ಮುಂದಿನ ಪ್ರಶ್ನೆ: ಬಿದ್ದ ನೀರು ಎಲ್ಲಿಗೆ ಹೋಯ್ತು? ಪೈಕಾರದ ನೀರು ಮೋಯಾರ್ ಆಗಿ, ಮುದುಮಲೈ ಮತ್ತು ಬಂಡೀಪುರದ ನಡುವಿನ ಗಡಿಯಾಗಿ ಹರಿದು, ಭವಾನಿ ಸೇರಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತೆ. ಗೂಡಲೂರಿನ ಪಾಂಡಿಯಾರ್ ನೀರು ಕೇರಳದ ಚಾಲಿಯಾರ್ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತೆ. ಎರಡು ಶಾಲೆಯ ಮಾಡಿನಿಂದ ಬಿದ್ದ ಹನಿಗಳು ಎರಡು ಸಮುದ್ರಕ್ಕೆ! ಇದನ್ನು ನೆಲದ ಮೇಲೆ ಮರಳು ಗುಡ್ಡೆ ಮಾಡಿ, ಒಂದು ಚೊಂಬು ನೀರು ಸುರಿದು ತೋರಿಸಬಹುದು.

ಹಬ್ಬದ ರಜೆ: ಯಾರ ಹಬ್ಬ, ಯಾವ ಪಂಚಾಂಗ?

ಎರಡನೆಯದು ಸ್ಥಳೀಯ ರಜೆ. ಬಡಗರ ಹೆತ್ತೆ ಹಬ್ಬಕ್ಕೆ ನೀಲಗಿರಿ ಜಿಲ್ಲೆಯಲ್ಲಿ ಸ್ಥಳೀಯ ರಜೆ ಕೊಡ್ತಾರೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬರುವ ಹಬ್ಬ. ಕೋತಗಿರಿ ಹತ್ತಿರದ ಬೇರಗಣಿಗೆ ಜನ ಬಿಳಿ ಬಟ್ಟೆ ಉಟ್ಟು ಹೋಗ್ತಾರೆ. ಹೆತ್ತೆ ಅಂದರೆ ಮೂಲದ ಅಜ್ಜಿ. ನಮ್ಮ ಕಿವಿಗೆ ‘ಹೆತ್ತವ್ವ’ ಅಂತ ಕೇಳುತ್ತೆ. ಬಡಗರ ತಿಂಗಳ ಹೆಸರುಗಳಲ್ಲಿ ದೊಡ್ಡ ದೀವಿಗೆ, ಕಿರು ದೀವಿಗೆ ಅಂತ ಎರಡಿವೆ. ನಮ್ಮ ಕಡೆಯ ಮಗುವಿಗೆ ಇದನ್ನು ಹೇಳಿದರೆ ಅದು ತಕ್ಷಣ ದೀಪಾವಳಿಯನ್ನು ನೆನೆಯುತ್ತೆ.

ಈ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ‘ಹೊಸ ವರ್ಷ’ ಅಕ್ಕಪಕ್ಕದಲ್ಲೇ ಬರುತ್ತವೆ: ಕನ್ನಡ, ತೆಲುಗು ಮನೆಗಳಲ್ಲಿ ಯುಗಾದಿ, ತಮಿಳರ ಚಿತ್ತಿರೈ ಹೊಸ ವರ್ಷ, ಮಲಯಾಳಿಗಳ ವಿಷು. ಯುಗಾದಿ ದಿನ ಬದಲಾಗುತ್ತೆ, ಉಳಿದೆರಡು ಏಪ್ರಿಲ್ ಮಧ್ಯದಲ್ಲೇ ನಿಲ್ಲುತ್ತವೆ. ಯಾಕೆ? ಒಂದು ಚಂದ್ರನ ಲೆಕ್ಕ, ಇನ್ನೆರಡು ಸೂರ್ಯನ ಲೆಕ್ಕ. ಪೊಂಗಲ್, ಸಂಕ್ರಾಂತಿಯೂ ಸೂರ್ಯನದೇ. ರಂಜಾನ್ ಹಬ್ಬವನ್ನು ತಗೊಳ್ಳಿ: 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಮಕ್ಕಳೇ ಕಳೆದು ನೋಡಲಿ, ಪ್ರತಿ ಸಲ 11 ದಿನ ಹಿಂದೆ. ಹನ್ನೆರಡು ಚಾಂದ್ರಮಾನ ತಿಂಗಳು ಸೌರ ವರ್ಷಕ್ಕಿಂತ ಅಷ್ಟು ಚಿಕ್ಕದು. ಯುಗಾದಿಯ ಪಂಚಾಂಗ ಅಧಿಕ ಮಾಸ ಸೇರಿಸಿ ಅದನ್ನು ಸರಿಮಾಡಿಕೊಳ್ಳುತ್ತೆ, ಹಿಜರಿ ಪಂಚಾಂಗ ಸೇರಿಸೋಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ಇಷ್ಟು ಖಗೋಳ ಇದೆ. ನಾವು ಅದನ್ನು ಬರೀ ತಾರೀಖು ನೋಡಲು ಬಳಸ್ತಾ ಇದ್ದೇವೆ.

ಒಂದು ಎಚ್ಚರಿಕೆ ಹೇಳಲೇಬೇಕು. ತಮಿಳುನಾಡಿನಲ್ಲಿ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವ ಆರು ಸಮುದಾಯಗಳೂ, ಅಂದರೆ ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕನ್, ಈ ಜಿಲ್ಲೆಯಲ್ಲಿವೆ. ಹಬ್ಬದ ಪಾಠ ಅಂದ ಕೂಡಲೇ ಆ ಮನೆಯ ಮಗುವನ್ನು ಎಬ್ಬಿಸಿ ‘ನಿಮ್ಮ ಕುಣಿತ ಮಾಡಿ ತೋರಿಸು’ ಅನ್ನೋದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಬೇಡ. ಆ ಮಗು ಪ್ರದರ್ಶನದ ವಸ್ತು ಅಲ್ಲ. ಎಲ್ಲ ಮಕ್ಕಳಿಗೂ ಒಂದೇ ನಾಲ್ಕು ಪ್ರಶ್ನೆ ಕೊಡಿ: ನಿಮ್ಮ ಮನೆಯಲ್ಲಿ ಯಾವ ಹಬ್ಬಕ್ಕೆ ಹೆಚ್ಚು ಕೆಲಸ? ಆ ಕೆಲಸ ಯಾರು ಮಾಡ್ತಾರೆ? ಆಗ ಮಳೆಯೋ, ಚಳಿಯೋ, ಬಿಸಿಲೋ? ಆಗ ಹೊಲದಲ್ಲಿ, ಕಾಡಿನಲ್ಲಿ, ತೋಟದಲ್ಲಿ ಏನಿರುತ್ತೆ? ಆಗ ಪೊಂಗಲ್ ಮಗು, ಓಣಂ ಮಗು, ಹೆತ್ತೆ ಹಬ್ಬದ ಮಗು ಒಂದೇ ಸಾಲಿನಲ್ಲಿ ಕೂರ್ತಾರೆ. ಗೂಡಲೂರಿನಲ್ಲಿ ಆದಿವಾಸಿ ಮಕ್ಕಳಿಗಾಗಿ ನಡೆಯುತ್ತಿರುವ ವಿದ್ಯೋದಯ ಶಾಲೆಯ ಕಡೆ ನಾವು ನೋಡಬೇಕಾದದ್ದು ಇದೇ ಕಾರಣಕ್ಕೆ: ಅಲ್ಲಿ ಸಮುದಾಯದ ತಿಳಿವಳಿಕೆಯನ್ನು ಪಾಠದ ಒಳಗೇ ಇಟ್ಟುಕೊಳ್ಳುವ ಪ್ರಯತ್ನ ಇದೆ.

ಸುದ್ದಿ: ನಾನು ಮಾಡಿದ ತಪ್ಪು

ಈಗ ಕಷ್ಟದ ಭಾಗ. ಮಕ್ಕಳಿಗೆ ಸಂತೋಷದ ಸುದ್ದಿ ಕೊಡೋದು ಸುಲಭ. 2023ರ ಮಾರ್ಚ್‌ನಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ತೆಪ್ಪಕಾಡಿನ ಆನೆ ಶಿಬಿರದ ಬೊಮ್ಮನ್, ಬೆಳ್ಳಿ ದಂಪತಿ, ಅವರು ಸಾಕಿದ ರಘು, ಅಮ್ಮು ಎಂಬ ಮರಿಯಾನೆಗಳ ಕಥೆ. ನಮ್ಮ ಜೇನುಕುರುಬರ ನುಡಿಗೆ ಹತ್ತಿರದ ನುಡಿಯಾಡುವ ಕಾಟ್ಟುನಾಯಕನ್ ಸಮುದಾಯದವರು ಅವರು. ಆ ವಾರ ಮಸಿನಗುಡಿಯಿಂದ ಅಮೆರಿಕದವರೆಗೆ ನಕ್ಷೆಯ ಮೇಲೆ ದಾರ ಎಳೆಯೋಕೆ ಯಾವ ಮಗುವೂ ಬೇಸರ ಮಾಡಿಕೊಳ್ತಿರಲಿಲ್ಲ.

ಆದರೆ ಅದೇ ಆನೆಯ ಇನ್ನೊಂದು ಸುದ್ದಿ ಇದೆ. ಸೀಗೂರು ಪ್ರಸ್ಥಭೂಮಿಯ ಆನೆದಾರಿಯ ವಿಚಾರದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಹಲವು ರೆಸಾರ್ಟ್‌ಗಳಿಗೆ ಬೀಗ ಬಿತ್ತು; 2020ರ ಅಕ್ಟೋಬರ್‌ನಲ್ಲಿ ಕೋರ್ಟ್ ಆನೆದಾರಿಯನ್ನು ಎತ್ತಿಹಿಡಿಯಿತು. ಆ ಕಡೆಯ ಒಂದು ತರಗತಿಯಲ್ಲಿ ನಾನು ‘ಆನೆದಾರಿಗೆ ಅಡ್ಡ ಕಟ್ಟಡ ಕಟ್ಟಬಾರದು, ಯಾಕೆ?’ ಅಂತ ಕೇಳಿದೆ. ಕೈಗಳು ಮೇಲೆದ್ದವು. ಸದಾ ಮಾತಾಡುವ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ಕೂತ. ಅವನ ಅಪ್ಪ ಅಂಥ ಒಂದು ರೆಸಾರ್ಟ್‌ನಲ್ಲಿ ಅಡುಗೆಯವರಾಗಿದ್ದರು ಅಂತ ಆಮೇಲೆ ಗೊತ್ತಾಯ್ತು. ಕೋರ್ಟ್ ಹೇಳಿದ್ದು ತಪ್ಪು ಅಂತ ಅಲ್ಲ. ನನ್ನ ಪ್ರಶ್ನೆಯಲ್ಲೇ ಉತ್ತರ ಇತ್ತು, ಆ ಉತ್ತರದಲ್ಲಿ ಅವನ ಮನೆಗೆ ಜಾಗ ಇರಲಿಲ್ಲ. ನನಗೆ ಸುದ್ದಿಯಾದದ್ದು ಅವನಿಗೆ ಮನೆಯ ಒಲೆಯ ವಿಷಯ.

ಅವತ್ತಿನಿಂದ ನಾನು ಪ್ರಶ್ನೆ ಬದಲಾಯಿಸಿದ್ದೇನೆ: ‘ಈ ಸುದ್ದಿಯಲ್ಲಿ ಯಾರ್ಯಾರಿದ್ದಾರೆ?’ ಬಂಡೀಪುರದ ರಾತ್ರಿ ಸಂಚಾರ ನಿಷೇಧ ಇದಕ್ಕೆ ಒಳ್ಳೆಯ ಉದಾಹರಣೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ಹೆದ್ದಾರಿ ಮುಚ್ಚುತ್ತಾರೆ. ಆಂಬುಲೆನ್ಸ್‌ಗೆ, ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುಗಡೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ ಬರೆಯಿರಿ. ಒಬ್ಬಳು ಜಿಂಕೆ, ಒಬ್ಬ ತರಕಾರಿ ಲಾರಿ ಡ್ರೈವರ್, ಒಬ್ಬಳು ಮೈಸೂರು ಆಸ್ಪತ್ರೆಗೆ ಹೊರಟ ಅಜ್ಜಿ, ಒಬ್ಬ ಚೆಕ್‌ಪೋಸ್ಟಿನ ಗಾರ್ಡ್. ಗಂಟೆ ಒಂಬತ್ತಾಯ್ತು, ಗೇಟು ಬಿತ್ತು. ಈಗ ಪ್ರತಿಯೊಬ್ಬರೂ ತಮಗೆ ಏನಾಯ್ತು ಅಂತ ಹೇಳಲಿ. ಆಮೇಲೆ ಪಾತ್ರ ಬದಲಾಯಿಸಿಕೊಳ್ಳಲಿ, ಜಿಂಕೆಯಾದವಳು ಡ್ರೈವರ್ ಆಗಲಿ. ಟೀಚರ್ ತೀರ್ಪು ಕೊಡೋದು ಬೇಡ. ಒಂದು ನಿಯಮದಿಂದ ಯಾರಿಗೆ ಒಳಿತು, ಯಾರಿಗೆ ತೊಂದರೆ, ಆ ತೊಂದರೆಗೆ ದಾರಿ ಏನು ಅಂತ ಮಕ್ಕಳು ಎಣಿಸಲು ಕಲಿತರೆ ಆ ವಯಸ್ಸಿಗೆ ಅಷ್ಟು ಸಾಕು. 2024ರ ಮೇ ತಿಂಗಳಲ್ಲಿ ಊಟಿಗೆ ಬಂದ ಇ-ಪಾಸ್ ವ್ಯವಸ್ಥೆಯನ್ನೂ ಹೀಗೇ ಆಡಿಸಬಹುದು.

ಹಾಗಾಗಿ ನಾನು ಸೂಚಿಸುವ ಕ್ರಮ ಇದು. ಮೊದಲು ಹಬ್ಬ, ಯಾಕಂದರೆ ಅಲ್ಲಿ ಮಗುವೇ ಬಲ್ಲವನು. ಆಮೇಲೆ ಮಳೆ ಮತ್ತು ನೆಲ, ಯಾಕಂದರೆ ಅದನ್ನು ಕೈಯಾರೆ ಅಳೆಯಬಹುದು. ಕೊನೆಗೆ ಸುದ್ದಿ, ಯಾಕಂದರೆ ಅದಕ್ಕೆ ಮೊದಲಿನ ಎರಡೂ ಬೇಕು. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ನಮಗೆ ಕಲಿಸಿದ್ದೂ ಮಗು ಇರುವಲ್ಲಿಂದಲೇ ಹೊರಡಬೇಕು ಅಂತ.

ಸಂವಾದದಿಂದ

*ಒಬ್ಬ ವಿದ್ಯಾರ್ಥಿನಿ:* ಮೇಡಂ, ಇದೆಲ್ಲ ಮಾಡ್ತಾ ಕೂತರೆ ಪಾಠ ಮುಗಿಸೋದು ಯಾವಾಗ?

ಪ್ರಾಮಾಣಿಕವಾದ ಪ್ರಶ್ನೆ ಅಮ್ಮ. ಮಳೆ ಅಳೆಯೋಕೆ ದಿನಕ್ಕೆ ಎರಡು ನಿಮಿಷ ಸಾಕು. ಕ್ಯಾಲೆಂಡರ್ ಮಾತಿಗೆ ವಾರಕ್ಕೆ ಹತ್ತು ನಿಮಿಷ. ರಸ್ತೆಯ ಆಟ ತಿಂಗಳಿಗೆ ಒಂದು ಪೀರಿಯಡ್. ಮಿಲಿಮೀಟರ್, ವ್ಯವಕಲನ, ಸ್ತಂಭಾಲೇಖ ಇವೆಲ್ಲ ಗಣಿತದ ಪಾಠದಲ್ಲೂ ಇವೆಯಲ್ಲ? ಆ ಸಮಯ ಅಲ್ಲಿಂದ ಸಿಗುತ್ತೆ.

*ಒಬ್ಬ ಅಧ್ಯಾಪಕರು:* ಟೀಚರಿಗೆ ಬಡಗವೋ ಪಣಿಯ ನುಡಿಯೋ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಬೇಕು, ಸರ್. ‘ಮಂಜಿಗೆ ನಿಮ್ಮನೇಲಿ ಏನಂತಾರೆ?’ ಅಂತ ಕೇಳಿ, ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಟೀಚರು ತನ್ನ ಮಾತನ್ನು ಬರೆದುಕೊಂಡರು ಅನ್ನೋದನ್ನು ಮಗು ಮರೆಯೋಲ್ಲ.

ಆ ಹುಡುಗನ ವಿಷಯ ಕೇಳ್ತೀರೇನೋ. ಮುಂದಿನ ಭೇಟಿಯಲ್ಲಿ ರಸ್ತೆ ಆಟ ಆಡಿಸಿದಾಗ ಅವನು ತಾನಾಗಿ ಬಂದು ‘ನಾನು ಆನೆ ಆಗ್ತೀನಿ’ ಅಂದ. ಅದಕ್ಕೆ ಹೆಚ್ಚು ಅರ್ಥ ಕಟ್ಟೋಕೆ ಹೋಗಲಾರೆ. ಅವತ್ತು ಅವನು ಮಾತಾಡಿದ, ನನಗೆ ಅಷ್ಟು ಸಾಕಾಯ್ತು.