ಎರಡು ಸುತ್ತಿನ ಓಟಕ್ಕೆ ಹನ್ನೆರಡು ಕಿಲೋಮೀಟರ್ ಯಾಕೆ?

"ಭಾಯ್, ನಂದು ಬರೇ 800 ಮೀಟರ್. ಎರಡು ರೌಂಡ್ ಓಡಾಕ ಹನ್ನೆರಡು ಕಿಲೋಮೀಟರ್ ಯಾಕ ಬೇಕು?"

ನಮ್ಮ ಕಾಲೇಜಿನ ಓಟದ ತಂಡಕ್ಕೆ ಈ ವರ್ಷ ಸೇರಿದ ಪ್ರಥಮ ಪಿಯುಸಿಯ ಹುಡುಗ ಕಳೆದ ಭಾನುವಾರ ಭೂತನಾಳ ಕೆರೆಯ ದಾರಿಯಲ್ಲಿ ಕೇಳಿದ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇದೆ. ಹೋದ ವರ್ಷ ನಾನೂ ಪಿ.ಟಿ. ಸರ್ ಅವರಿಗೆ ಇದನ್ನೇ ಕೇಳಿದ್ದೆ. ಅವರು ಹೇಳಿದ ಉತ್ತರವನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ. ಅದರ ಬೆಲೆಯನ್ನು ನನ್ನ ಬದಲು ಬೇರೊಬ್ಬ ತೆರಬೇಕಾಯಿತು. ಆದ್ದರಿಂದ ಈ ಸಲ ಪೂರ್ತಿ ಉತ್ತರವನ್ನು ಬರೆದೇ ಬಿಡುತ್ತೇನೆ.

ಮೊದಲು ದೀರ್ಘ ಓಟ ಎಂದರೆ ಏನೆಂದು ಹೇಳುತ್ತೇನೆ. ವಾರಕ್ಕೆ ಒಂದೇ ಸಲ, ಭಾನುವಾರ, ನಾವು 10ರಿಂದ 12 ಕಿ.ಮೀ. ಓಡುತ್ತೇವೆ. ಫಜ್ರ್ ನಮಾಝ್ ಮುಗಿಸಿ ಬರುವವರು, ಮನೆಯಿಂದ ನೇರವಾಗಿ ಬರುವವರು ಎಲ್ಲರೂ ಕಾಲೇಜಿನ ಗೇಟಿನ ಬಳಿ ಸೇರುತ್ತೇವೆ. ಡಿಸೆಂಬರ್ ಕೊನೆಯಲ್ಲಿ ವಿಜಯಪುರದಲ್ಲಿ ಸೂರ್ಯ ಕಾಣುವಾಗ ಸುಮಾರು 6:50 ಆಗಿರುತ್ತದೆ. ನಸುಬೆಳಕು ಬಂದ ಮೇಲೆಯೇ ನಾವು ಹೊರಡುತ್ತೇವೆ. 800 ಮೀಟರನ್ನು 2 ನಿಮಿಷ 10 ಸೆಕೆಂಡಿನಲ್ಲಿ ಓಡುವವನ ಸ್ಪರ್ಧೆಯ ವೇಗ ಕಿಲೋಮೀಟರಿಗೆ 2 ನಿಮಿಷ 43 ಸೆಕೆಂಡು. ಆದರೆ ಭಾನುವಾರ ಅದೇ ಹುಡುಗ ಕಿಲೋಮೀಟರಿಗೆ 6 ನಿಮಿಷ, ಕೆಲವೊಮ್ಮೆ ಆರೂವರೆ ನಿಮಿಷ ತೆಗೆದುಕೊಳ್ಳುತ್ತಾನೆ. ಗಡಿಯಾರ ಬೇಕಾಗಿಲ್ಲ. ಓಡುತ್ತಲೇ ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ವೇಗ ಸರಿ ಇದೆ. ನಾಲ್ಕು ಶಬ್ದಕ್ಕೊಮ್ಮೆ ಉಸಿರು ಕಟ್ಟಿದರೆ ಅದು ಹೆಚ್ಚಾಯಿತು ಎಂದರ್ಥ.

ಇಷ್ಟು ನಿಧಾನವಾಗಿ ಓಡಿದರೆ ವೇಗ ಹೇಗೆ ಬರುತ್ತದೆ? ಜೀವಶಾಸ್ತ್ರದ ಪಾಠವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಸ್ನಾಯುಗಳು ಎರಡು ರೀತಿಯಲ್ಲಿ ಶಕ್ತಿ ಪಡೆಯುತ್ತವೆ: ಆಮ್ಲಜನಕ ಬಳಸಿ ಮತ್ತು ಬಳಸದೆ. 800 ಮೀಟರ್ ನೋಡಲು ಸ್ಪ್ರಿಂಟಿನಂತೆ ಕಂಡರೂ ಅದರ ಅರ್ಧಕ್ಕಿಂತ ಹೆಚ್ಚು ಶಕ್ತಿ ಆಮ್ಲಜನಕದಿಂದಲೇ ಬರುತ್ತದೆ. 1500 ಮೀಟರಿನಲ್ಲಿ ಆ ಪಾಲು ಇನ್ನೂ ದೊಡ್ಡದು. ಈ ವ್ಯವಸ್ಥೆಯನ್ನು ಬೆಳೆಸುವುದೇ ದೀರ್ಘ ಓಟದ ಕೆಲಸ. ವಾರಗಟ್ಟಲೆ ಹೀಗೆ ಓಡಿದಾಗ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ಹೊರದೂಡಲು ಕಲಿಯುತ್ತದೆ. ಸ್ನಾಯುವಿನೊಳಗೆ ಲೋಮನಾಳಗಳು ಹೆಚ್ಚುತ್ತವೆ, ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ದೇಹ ಕೊಬ್ಬನ್ನೂ ಚೆನ್ನಾಗಿ ಉರಿಸಲು ಕಲಿತು, ಗ್ಲೈಕೊಜೆನ್ ಬೇಗ ಖಾಲಿಯಾಗದಂತೆ ಉಳಿಸಿಕೊಳ್ಳುತ್ತದೆ. ಇವೆಲ್ಲ ಒಂದು ದಿನದಲ್ಲಿ ಆಗುವ ಕೆಲಸಗಳಲ್ಲ, ತಿಂಗಳುಗಳೇ ಬೇಕು.

ಇದನ್ನು ಜಗತ್ತಿಗೆ ತೋರಿಸಿದವರಲ್ಲಿ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಮುಖ್ಯರು. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವರು ಮೊದಲು ತಮ್ಮ ಮೇಲೆಯೇ ಪ್ರಯೋಗ ಮಾಡಿದರು. ನಂತರ ಆಕ್ಲೆಂಡಿನ ಹುಡುಗರನ್ನು ಕೂಡಿಸಿಕೊಂಡು ಭಾನುವಾರಗಳಂದು ಗುಡ್ಡದ ದಾರಿಯಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿ.ಮೀ. ಓಡಿಸುತ್ತಿದ್ದರು. ಆ ಗುಂಪಿನಲ್ಲಿ 800 ಮೀಟರ್ ಓಟಗಾರ ಪೀಟರ್ ಸ್ನೆಲ್ ಇದ್ದರು, 5000 ಮೀಟರ್ ಓಟಗಾರ ಮರ್ರೆ ಹಾಲ್ಬರ್ಗ್ ಕೂಡ ಇದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಒಂದೇ ದಿನ ಚಿನ್ನ ಗೆದ್ದರು. 1964ರ ಟೋಕಿಯೊದಲ್ಲಿ ಸ್ನೆಲ್ 800 ಮತ್ತು 1500 ಎರಡನ್ನೂ ಗೆದ್ದರು. ಅವರು ದೊಡ್ಡವರು, ಎಷ್ಟೋ ವರ್ಷ ಓಡಿ ಗಟ್ಟಿಯಾದವರು. ನಮ್ಮ ವಯಸ್ಸಿಗೆ 35 ಕಿ.ಮೀ. ಬೇಡವೇ ಬೇಡ. ಆದರೆ ಎರಡು ಸುತ್ತಿನ ಓಟಕ್ಕೂ ದೂರದ ಅಡಿಪಾಯ ಬೇಕು ಎಂಬುದು ನಮಗೂ ಅನ್ವಯಿಸುತ್ತದೆ.

ಚಳಿಗಾಲವೇ ಯಾಕೆ? ಒಂದು, ಕ್ರೀಡಾಕೂಟಗಳು ಮುಗಿದಿರುತ್ತವೆ, ಆದ್ದರಿಂದ ವೇಗದ ಒತ್ತಡವಿಲ್ಲ. ಎರಡು, ನಮ್ಮ ಊರಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಸೆಖೆಯಲ್ಲಿ ಓಡಿದರೆ ಮೈ ತಣಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕು, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕು. ಡಿಸೆಂಬರಿನ ಬೆಳಗಿನಲ್ಲಿ ಆ ತೊಂದರೆ ಇಲ್ಲ.

ಪಿ.ಟಿ. ಸರ್ ಹೋದ ವರ್ಷ ಹೇಳಿದ್ದರಲ್ಲಿ ನಾನು ಕೇಳಿಸಿಕೊಂಡದ್ದು ಇಷ್ಟೇ. ಕೇಳಿಸಿಕೊಳ್ಳದ ಉಳಿದ ಅರ್ಧ ಹೀಗಿತ್ತು: ಹೃದಯ ಮತ್ತು ಶ್ವಾಸಕೋಶ ಬೇಗ ಹೊಂದಿಕೊಳ್ಳುತ್ತವೆ, ಎಲುಬು ಮತ್ತು ಸ್ನಾಯುರಜ್ಜುಗಳು ತಡವಾಗಿ ಹೊಂದಿಕೊಳ್ಳುತ್ತವೆ. ದಮ್ಮು ಇದೆ ಎಂದು ಓಡಿದರೆ ಕಾಲು ಸೋಲುತ್ತದೆ. ಆದ್ದರಿಂದ ತಂಡದ ವೇಗವನ್ನು ಎಲ್ಲರಿಗಿಂತ ಹಿಂದಿರುವವನು ನಿರ್ಧರಿಸಬೇಕು.

ನಾನು ಹಾಗೆ ಮಾಡಲಿಲ್ಲ. ಪ್ರತಿ ಭಾನುವಾರ ಮುಂದೆ ಓಡಿ, ಕೆರೆಯ ಏರಿಯ ಮೇಲೆ ನಿಂತು ಉಳಿದವರನ್ನು ಚೇಷ್ಟೆ ಮಾಡುತ್ತಿದ್ದೆ. ನನ್ನ ತರಗತಿಯ ಗೆಳೆಯನೊಬ್ಬ ಹೊಸದಾಗಿ ಓಡಲು ಶುರು ಮಾಡಿದ್ದ. ಹಿಂದೆ ಉಳಿಯಬಾರದೆಂಬ ಹಟ ಅವನಿಗೂ ಇತ್ತು. ನಾಲ್ಕನೆಯ ವಾರಕ್ಕೆ ಅವನ ಕಣಕಾಲಿನ ಎಲುಬಿನ ಒಳಬದಿಯಲ್ಲಿ ನೋವು ಶುರುವಾಯಿತು. ನಾವು ನಗುತ್ತೇವೆಂದು ಅವನು ಹೇಳಲಿಲ್ಲ. ಆರನೆಯ ವಾರ ಅರ್ಧ ದಾರಿಯಲ್ಲಿ ಕುಳಿತುಬಿಟ್ಟ. ನಾನು ಅಷ್ಟು ಹೊತ್ತಿಗೆ ಬಹಳ ಮುಂದೆ ಹೋಗಿದ್ದೆ, ನನಗೆ ಗೊತ್ತೇ ಆಗಲಿಲ್ಲ. ಕಬ್ಬು ಇಳಿಸಿ ಮರಳುತ್ತಿದ್ದ ಟ್ರ್ಯಾಕ್ಟರಿನವರೊಬ್ಬರು ಅವನನ್ನು ಮನೆಗೆ ಮುಟ್ಟಿಸಿದರು. ಎರಡು ತಿಂಗಳು ಓಡಬಾರದು ಎಂದು ಡಾಕ್ಟರು ಹೇಳಿದರು. ನಂತರ ಅವನು ತಂಡಕ್ಕೆ ಬರಲೇ ಇಲ್ಲ.

ಈ ವರ್ಷ ದೀರ್ಘ ಓಟ ಮತ್ತೆ ಶುರುವಾಗುವ ಮುಂಚೆ ನಾನು ಅವನ ಮನೆಗೆ ಹೋದೆ. ಅವನ ತಂದೆಯವರ ಎದುರಿಗೇ ತಪ್ಪು ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ. "ಮುಂದ ಓಡಾಂವ ಇಮಾಮ್ ಇದ್ದಂಗ, ಬೇಟಾ. ಹಿಂದ ಯಾರದಾರ ಅಂತ ನೋಡ್ಕೋಬೇಕು" ಎಂದರು. ಹಿಂದೆ ನಿಂತವರಲ್ಲಿ ದುರ್ಬಲರೂ ವಯಸ್ಸಾದವರೂ ಇರುತ್ತಾರೆ, ಆದ್ದರಿಂದ ನಮಾಝ್ ನಡೆಸುವವರು ಅದನ್ನು ಉದ್ದ ಮಾಡಬಾರದು ಎಂಬುದು ಪ್ರವಾದಿಯವರ (ಸ) ಬೋಧನೆ. ಚಿಕ್ಕಂದಿನಿಂದ ಕೇಳಿದ ಈ ಮಾತು ರಸ್ತೆಯ ಮೇಲೆ ನನಗೆ ನೆನಪಾಗಿರಲಿಲ್ಲ.

ಈಗ ನಮ್ಮ ತಂಡದ ನಿಯಮಗಳು ಇವು. ಮೊದಲ ಕಿಲೋಮೀಟರ್ ನಡಿಗೆಗಿಂತ ಸ್ವಲ್ಪವೇ ಜೋರು, ಚಳಿಯಲ್ಲಿ ಬಿಗಿದ ಸ್ನಾಯುಗಳು ಬಿಸಿಯಾಗಲು ಅದು ಬೇಕು. ವಾರಕ್ಕೆ ಒಂದು ಕಿ.ಮೀ. ಮಾತ್ರ ಹೆಚ್ಚಿಸುವುದು, ನಾಲ್ಕನೆಯ ವಾರ ಕಡಿಮೆ ಮಾಡುವುದು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ಓಡುವುದು. ಇದು ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಓಡಾಡುತ್ತಿರುತ್ತವೆ. ತಿಳಿ ಬಣ್ಣದ ಅಂಗಿ ಕಡ್ಡಾಯ, ಕಿವಿಗೆ ಇಯರ್‌ಫೋನ್ ಬೇಡ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗದಿದ್ದರೂ ಬೆವರು ಹೋಗಿರುತ್ತದೆ, ಆದ್ದರಿಂದ ಮುಗಿದ ಕೂಡಲೇ ನೀರು, ಎರಡು ಖರ್ಜೂರ ಅಥವಾ ಶೇಂಗಾ ಉಂಡಿ, ಮತ್ತೆ ಒಣ ಬಟ್ಟೆ. ಎಲುಬಿನ ಒಂದೇ ಜಾಗದಲ್ಲಿ ನೋವಿದ್ದರೆ ಅವತ್ತೇ ಹೇಳಬೇಕು. ಯಾರೂ ನಗಬಾರದು. ರಸ್ತೆಗೆ ಬರಲಾಗದವರಿಗೆ, ಮನೆಯಲ್ಲಿ ಬಿಡದವರಿಗೆ ಮೈದಾನವೇ ಸಾಕು: 400 ಮೀಟರಿನ 20 ಸುತ್ತು ಎಂದರೆ 8 ಕಿ.ಮೀ.

ಮಾರ್ಚ್ ಹತ್ತಿರ ಬಂತು, ಓದು ಬಿಟ್ಟು ಓಟವೇ ಎಂದು ಮನೆಯಲ್ಲಿ ಕೇಳುತ್ತಾರೆ. ವಾರಕ್ಕೆ ಒಂದು ಬೆಳಗು, ಒಂದೂಕಾಲು ಗಂಟೆ, ಎಂಟು ಗಂಟೆಗೆ ಮನೆಯಲ್ಲಿ ಇರುತ್ತೇವೆ ಎಂದು ಹೇಳಿ. ಮಾತನಾಡುವ ವೇಗದಲ್ಲಿ ಓಡುವುದರಿಂದ ಇನ್ನೊಂದು ಲಾಭವೂ ಇದೆ. ಭೌತಶಾಸ್ತ್ರದ ಎಷ್ಟೋ ಲೆಕ್ಕಗಳು ನಮಗೆ ಕೆರೆಯ ದಾರಿಯಲ್ಲೇ ಬಿಡಿಸಿಹೋಗಿವೆ.

ಆ ಗೆಳೆಯ ಮೂರು ಭಾನುವಾರಗಳಿಂದ ಮತ್ತೆ ಬರುತ್ತಿದ್ದಾನೆ. ಈಗ 6 ಕಿ.ಮೀ. ಓಡುತ್ತಾನೆ. ಅವನು ಮುಂದೆ, ನಾನು ಹಿಂದೆ. ಬರುವ ಭಾನುವಾರ 7 ಕಿ.ಮೀ., ಇನ್‌ಶಾ ಅಲ್ಲಾಹ್. ನೀವೂ ಬರುವುದಾದರೆ ಆರೂಕಾಲಿಗೆ ಗೇಟಿನ ಬಳಿ ಇರಿ. ನಿಮ್ಮ ವೇಗಕ್ಕೇ ನಾವು ಓಡುತ್ತೇವೆ.