ಜೇಡದ ಮರಿಯನ್ನು ಸಾಕುವುದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಸೀಮೆಯವರಾದ ನಮಗೆ ಜೇಡ ಹೊಸ ಪ್ರಾಣಿಯೇನಲ್ಲ. ಜಂತೆಯಲ್ಲಿ ಬಲೆ ಕಟ್ಟಿದ್ದನ್ನು ಪೊರಕೆಯಿಂದ ತೆಗೆಯುತ್ತೇವೆ. ಅಂಗೈಯಗಲದ್ದು ಕಂಡರೆ ಕೆರ ಹುಡುಕುತ್ತೇವೆ. ಅಂಥ ಜೇಡದ ಮರಿಯನ್ನು ಕೂಸಿನಂತೆ ಜೋಪಾನ ಮಾಡಿ ಸಾಕುವವರೂ ಲೋಕದಲ್ಲಿದ್ದಾರೆ ಎಂದರೆ ನಮ್ಮ ಹಿರಿಯರು ನಕ್ಕಾರು. ಆದರೆ ಆ ಸಾಕಣೆಯ ಕಥೆ ನಮ್ಮ ನೆರೆಯಿಂದಲೇ ಮೊದಲಾಗುತ್ತದೆ.

ಬಳ್ಳಾರಿಯಿಂದ ಗುಂತಕಲ್ಲನ್ನು ದಾಟಿದರೆ ಗುತ್ತಿ. ಅಲ್ಲಿ ರೈಲ್ವೆಯವರು ಮರದ ದಿಮ್ಮಿಗಳನ್ನು ಒಟ್ಟುತ್ತಿದ್ದ ಅಂಗಳದಲ್ಲಿ ಸಿಕ್ಕ ನೀಲಿ ಜೇಡವೊಂದನ್ನು ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ವರ್ಣಿಸಿ, ಪೊಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಇದು ಟರಾಂಟುಲಾ ಕುಟುಂಬದ್ದು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಅದು ಮತ್ತೆ ಕಂಡಿತು. ಗುತ್ತಿಗೆ ಅದು ದಿಮ್ಮಿಗಳೊಡನೆ ರೈಲೇರಿ ಬಂದಿರಬೇಕೆಂದು ತಜ್ಞರ ಊಹೆ. ಇಂದು ಅದರ ಸಂತತಿ ಯೂರೋಪು, ಅಮೆರಿಕಗಳ ಮನೆಗಳಲ್ಲಿ ಬೆಳೆಯುತ್ತಿದೆ.

ಮರಿಯ ಸಾಕಣೆ ಹೇಗೆ? ಮೊಟ್ಟೆಚೀಲದಿಂದ ಹೊರಬಂದ ಮರಿ, ಕಾಲು ಚಾಚಿದರೂ ಬೆರಳುಗುರಿನಷ್ಟೇ ಇರುತ್ತದೆ. ಗಾಳಿಯಾಡಲು ಸಣ್ಣ ರಂಧ್ರಗಳಿರುವ ಶೀಶೆ, ತಳದಲ್ಲಿ ತೇವದ ತೆಂಗಿನ ನಾರಿನ ಪುಡಿ, ಅಡಗಲು ತೊಗಟೆಯ ಚೂರು - ಇಷ್ಟೇ ಅದರ ಮನೆ. ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಮರಿಗೆ ಬೇಟೆ ಸಿಗುವುದು ಕಷ್ಟ. ವಾರಕ್ಕೆ ಒಂದೆರಡು ಬಾರಿ ಹಣ್ಣಿನ ನೊಣವೊಂದು ಸಾಕು. ತಿನ್ನದೆ ಬಿಟ್ಟುದನ್ನು ಮರುದಿನ ತೆಗೆಯಬೇಕು.

ಊಟಕ್ಕಿಂತ ನೀರು ಮುಖ್ಯ. ತೆಳುವಾಗಿ ಹರವಿದ ಒದ್ದೆಬಟ್ಟೆ ಬೇಗ ಒಣಗುವಂತೆ, ಪುಟ್ಟ ಮೈ ತನ್ನ ತೇವವನ್ನು ಬೇಗ ಕಳೆದುಕೊಳ್ಳುತ್ತದೆ. ಮೇಲಾಗಿ, ಜೇಡಕ್ಕೆ ಕಾಲು ಮಡಿಸಲು ಸ್ನಾಯುಗಳುಂಟು. ಮುಖ್ಯ ಕೀಲುಗಳನ್ನು ಚಾಚಲು ಮಾತ್ರ ಅದು ಮೈಯೊಳಗಿನ ದ್ರವದ ಒತ್ತಡವನ್ನೇ ನೆಚ್ಚಿದೆ. ನೀರು ಬತ್ತಿದರೆ ಕಾಲುಗಳು ಹೊಟ್ಟೆಯಡಿಗೆ ಮುದುಡುತ್ತವೆ. ನಮ್ಮಂಥ ಒಣಸೀಮೆಯಲ್ಲಿ ಬಿಲವೂ ಮರದ ಪೊಟರೆಯೂ ಇಂಥ ಜೀವಗಳಿಗೆ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ: ಅಲ್ಲಿ ನೆರಳಿದೆ, ತೇವವಿದೆ.

ಮರಿಯ ಬದುಕಿನ ದೊಡ್ಡ ಗಂಡಾಂತರ ಪೊರೆ ಬಿಡುವುದು. ಹೊರಗವಚ ಹಿಗ್ಗದು, ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಆ ಸಮಯ ಹತ್ತಿರವಾದಾಗ ಮರಿ ಊಟ ಬಿಡುತ್ತದೆ. ಬಳಿಕ ಅಂಗಾತ ಮಲಗುತ್ತದೆ. ಸತ್ತಿತೆಂದು ಮುಟ್ಟಿದರೆ ಮೆದುವಾದ ಮೈ ಹರಿದೀತು. ಕಳಚಿದ ಮೇಲೂ ಹಲ್ಲು ಗಟ್ಟಿಯಾಗಲು ಕೆಲವು ದಿನ ಬೇಕು. ಆಗ ಹಾಕಿದ ಹುಳುವೇ ಜೇಡವನ್ನು ಕಡಿಯಬಹುದು. ಮುರಿದ ಕಾಲು ಮುಂದಿನ ಪೊರೆಗಳಲ್ಲಿ ಮರಳಿ ಮೂಡುವುದು ಒಂದು ಸೋಜಿಗ. ಅಂಗೈಯಲ್ಲಿಟ್ಟು ಮುದ್ದಿಸುವ ಪ್ರಾಣಿಯಂತೂ ಇದಲ್ಲ. ಕಚ್ಚಿದರೆ ಕಡುನೋವು, ಸ್ನಾಯುಗಳ ಸೆಳೆತ. ಎತ್ತರದಿಂದ ಬಿದ್ದರೆ ಜೇಡಕ್ಕೇ ಸಾವು.

ಇಷ್ಟು ಕೇಳಿದ ಹುಡುಗರು ಕಾಡಿನಿಂದ ಒಂದನ್ನು ಹಿಡಿದು ತರಬಹುದೇ ಎಂದು ಕೇಳಿಯಾರು. ಬೇಡವೆಂಬುದೇ ನನ್ನ ಉತ್ತರ. ನೀಲಿ ಜೇಡ ಉಳಿದಿರುವುದು ನೂರು ಚದರ ಕಿಲೋಮೀಟರಿಗಿಂತ ಕಡಿಮೆ ಕಾಡಿನಲ್ಲಿ. 2008ರಲ್ಲಿ ಅದನ್ನು ಅಳಿವಿನ ಅಂಚಿನ ಜೀವಿಗಳ ಕೆಂಪುಪಟ್ಟಿಗೆ ಸೇರಿಸಿದರು. ಗಂಡು ಕೆಲವೇ ವರ್ಷ ಬದುಕಿದರೆ ಹೆಣ್ಣು ಹತ್ತು ವರ್ಷವನ್ನೂ ಮೀರಿ ಬದುಕುತ್ತದೆ. ಆದ್ದರಿಂದ ಹೆಣ್ಣೊಂದನ್ನು ಒಯ್ದರೆ ಮುಂದಿನ ಹಲವು ಸೂಲುಗಳನ್ನೂ ಒಯ್ದಂತೆ. ಮಾರುವವನ ಶೀಶೆಯಲ್ಲಿರುವ ಮರಿ ಮನೆಯಲ್ಲಿ ಹುಟ್ಟಿದ್ದೋ ಕಾಡಿನಿಂದ ಕದ್ದದ್ದೋ ಎಂಬುದನ್ನು ಬರಿಗಣ್ಣು ಹೇಳಲಾರದು. 2019ರಲ್ಲಿ ಈ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿತು. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯ್ದೆಯಂತೆ, ಆ ಪಟ್ಟಿಯ ಜೀವಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು.

ಸಾಕಿದವರು ಕಲಿತ ವಿದ್ಯೆಯಿಂದ ನಮಗೊಂದು ಉಪಯೋಗವುಂಟು: ಈ ಜೀವಕ್ಕೆ ಏನು ಬೇಕೆಂಬುದು ತಿಳಿಯಿತು. ಶೀಶೆಯಲ್ಲಿ ನಾವು ಕಷ್ಟಪಟ್ಟು ಒದಗಿಸುವ ನೆರಳನ್ನೂ ತೇವವನ್ನೂ ಹಳೆಯ ಮರದ ಪೊಟರೆ ತಾನಾಗಿಯೇ ಕೊಡುತ್ತದೆ. ನಮ್ಮ ಐದು ತಾಲ್ಲೂಕುಗಳಲ್ಲಿ ಅಂಥ ಮರಗಳಿನ್ನೂ ಇವೆ. ಟೊಳ್ಳಾಯಿತೆಂದು ಕೊಡಲಿ ಎತ್ತುವ ಮೊದಲು, ಸಂಜೆ ಒಂದು ಟಾರ್ಚು ಹಿಡಿದು, ಕೈ ಹಾಕದೆ, ಒಳಗೆ ಯಾರಿದ್ದಾರೆಂದು ನೋಡಿರಿ.