ಅವ್ವನ ಕೈ, ಕುದುರೆಯ ಬಾಲ

ಹಂಪಿಯ ನರಸಿಂಹನನ್ನು ಮೊದಲ ನೋಟಕ್ಕೇ ಚೆಲುವ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕಣ್ಣುಗುಡ್ಡೆಗಳು ಕಿತ್ತು ಹೊರಬರುವ ಹಾಗೆ ಉಬ್ಬಿವೆ. ಮುಖದ ಅರ್ಧವನ್ನು ಬಾಯಿಯೇ ನುಂಗಿದಂತಿದೆ. ಕೈಗಳು ಮುರಿದಿವೆ, ಎಡತೊಡೆ ಬರಿದಾಗಿದೆ. ಸುರುಳಿ ಸುತ್ತಿದ ಆದಿಶೇಷನ ಮೈ ಪೀಠವಾಗಿ, ಏಳು ಹೆಡೆ ಕೊಡೆಯಾಗಿ, ನಡುವೆ 6.7 ಮೀಟರ್ ಎತ್ತರದ ಈ ಆಸಾಮಿ ಕೂತಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದದ್ದು. ಸುತ್ತ ಗೋಡೆಯಿದೆ, ಮೇಲೆ ಚಾವಣಿಯಿಲ್ಲ. ಬಳ್ಳಾರಿ ಸೀಮೆಯ ಬಿಸಿಲೆಲ್ಲ ಅವನದೇ.

ಜನ ಅವನನ್ನು ಉಗ್ರನರಸಿಂಹ ಎನ್ನುತ್ತಾರೆ. ಕಡೆದವರ ಮನಸ್ಸಿನಲ್ಲಿದ್ದದ್ದು ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಹೆಂಡತಿ ಕೂತಿದ್ದಳು. ಅವಳನ್ನು ಒಡೆದು ಹಾಕಿದ ಮೇಲೆ ಉಳಿದದ್ದು ಈ ಒಂಟಿ ಸಿಟ್ಟು. ಆದರೆ ಒಡೆದವರ ಕಣ್ಣು ತಪ್ಪಿಸಿ ಒಂದು ಚೂರು ಉಳಿದುಕೊಂಡಿದೆ. ನೋಡಲು ಬಂದವರು ಎದುರಿಗೆ ನಿಂತು ಫೋಟೊ ಹೊಡೆದು ಹೊರಟರೆ ಅದು ಸಿಗುವುದಿಲ್ಲ. ಊರಿನವರು ಯಾರಾದರೂ ಜೊತೆಗಿದ್ದರೆ ಬಿಡುವುದೂ ಇಲ್ಲ: “ಮುಂದ ಏನ್ ನೋಡ್ತೀರಿ, ಬೆನ್ನಿನ ಕಡಿ ನೋಡ್ರಿ. ಅವ್ವನ ಕೈ ಐತಿ ಅಲ್ಲಿ.”

ಐತಿ. ಅವನ ಬೆನ್ನನ್ನು ಬಳಸಿದ ಪುಟ್ಟ ಅಂಗೈ. ತೋಳಿಲ್ಲ, ತೋಳಿನ ಒಡತಿ ಇಲ್ಲ. ಬೆರಳುಗಳು ಮಾತ್ರ ಕಲ್ಲಿಗೆ ಮೆತ್ತಗೆ ಒತ್ತಿಕೊಂಡಿವೆ. ಬೀಳದಿರಲಿ ಎಂದು ಹಿಡಿದದ್ದೋ, ಸಮಾಧಾನ ಮಾಡಿಕೊ ಎಂದು ತಟ್ಟಿದ್ದೋ ನೋಡಿದವರ ಪಾಲಿಗೆ ಬಿಟ್ಟದ್ದು. ಆ ಕೈ ಕಂಡ ಮೇಲೆ ಮತ್ತೆ ಎದುರಿಗೆ ಬಂದರೆ ಅದೇ ಕಣ್ಣುಗುಡ್ಡೆಗಳಲ್ಲಿ ಕೋಪಕ್ಕಿಂತ ಗಾಬರಿ ಹೆಚ್ಚು ಕಾಣುತ್ತದೆ. ಲಕ್ಷ್ಮಿ ಇಡಿಯಾಗಿ ಕೂತಿದ್ದರೆ ನಾವು ಕೈಮುಗಿದು ಮುಂದೆ ಹೋಗುತ್ತಿದ್ದೆವು. ಬೆನ್ನ ಹಿಂದಿನ ಬೆರಳನ್ನು ಯಾರು ಹುಡುಕುತ್ತಿದ್ದರು?

ಭಗ್ನ ವಿಗ್ರಹಕ್ಕೆ ಪೂಜೆ ಸಲ್ಲದು ಎನ್ನುತ್ತದೆ ಶಾಸ್ತ್ರ. ಪಕ್ಕದ ಗುಡಿಯಲ್ಲಿ ನೀರೊಳಗೆ ನಿಂತ ಬಡವಿಲಿಂಗಕ್ಕೆ ಆ ತೊಂದರೆಯಿಲ್ಲ. ನರಸಿಂಹನಿಗೆ ಹೂವಿಲ್ಲ, ಆರತಿಯಿಲ್ಲ, ನೋಡುವವರು ಮಾತ್ರ ಬೇಕಾದಷ್ಟು. ಮೊಣಕಾಲುಗಳ ನಡುವಿನ ಕಲ್ಲಿನ ಪಟ್ಟಿಯೊಂದು ನಮ್ಮ ಕಾಲದ ದುರಸ್ತಿ. ಅಷ್ಟಕ್ಕೆ ನಿಲ್ಲಿಸಿದ್ದು ಪುಣ್ಯ. ಕೈಗೆ ಕೈ, ತೊಡೆಗೆ ಲಕ್ಷ್ಮಿ ಎಂದು ಹೊಸದಾಗಿ ಕಡೆದು ಅಂಟಿಸಿದ್ದರೆ ಹೊಸ ಲೇಔಟಿನ ದೇವಸ್ಥಾನದಲ್ಲಿ ಸಿಗುವ ನುಣುಪು ಇಲ್ಲಿಗೂ ಬರುತ್ತಿತ್ತು.

ವಿಠ್ಠಲ ಗುಡಿಯ ಅಂಗಳದಲ್ಲಿ ಇನ್ನೊಂದು ಬಗೆಯ ತೇಪೆ ಇದೆ. ಕಲ್ಲಿನ ರಥ ಎಲ್ಲರಿಗೂ ಗೊತ್ತು. ಅದು ಗರುಡನ ಗುಡಿ. ಒಂದೇ ಕಲ್ಲಿನದಲ್ಲ, ಸಂದುಗಳು ಕೆತ್ತನೆಯಲ್ಲಿ ಮುಚ್ಚಿಹೋಗುವಂತೆ ಜೋಡಿಸಿದ ಹಲವು ಕಲ್ಲುಗಳದ್ದು. 1856ರಲ್ಲಿ ಗ್ರೀನ್‌ಲಾ ಎಂಬ ಛಾಯಾಗ್ರಾಹಕ ತೆಗೆದ ಫೋಟೊದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಇಲ್ಲ. ಮುಂದೆ ನಿಂತ ಎರಡು ಆನೆಗಳೂ ಅಲ್ಲಿಯವಲ್ಲ, ಬೇರೆ ಕಡೆಯಿಂದ ತಂದು ನಿಲ್ಲಿಸಿದವು. ರಥವೊಂದು ಅಳತೆ, ಆನೆಗಳೊಂದು ಅಳತೆ. ಇಷ್ಟು ದೊಡ್ಡ ತೇರನ್ನು ಈ ಮರಿಗಳು ಎಳೆದಾವೆಯೇ ಅನ್ನಿಸುತ್ತದೆ. ಸ್ವಲ್ಪ ಬಗ್ಗಿ ಆನೆಗಳ ಹಿಂದೆ ಕಣ್ಣು ಹಾಯಿಸಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಇನ್ನೂ ಅಲ್ಲೇ ಇವೆ. ಮುಂದೆ ಸೊಂಡಿಲು, ಹಿಂದೆ ಕುದುರೆಬಾಲ! ಮಕ್ಕಳಿಗೆ ತೋರಿಸಿದರೆ ಬಿದ್ದು ಬಿದ್ದು ನಗುತ್ತವೆ, ಆಮೇಲೆ ಎದ್ದು ಇನ್ನೊಂದು ಸಲ ನೋಡುತ್ತವೆ.

ಹಂಪಿ ಎಂದರೆ ಎಲ್ಲರ ಕಣ್ಣಿಗೆ ಕಟ್ಟುವುದು ಈ ಗೋಪುರ ಕಳೆದುಕೊಂಡ, ಹೊಂದದ ಆನೆಗಳನ್ನು ಕಟ್ಟಿಕೊಂಡ ರಥವೇ. 2017ರಿಂದ ಐವತ್ತು ರೂಪಾಯಿ ನೋಟಿನ ಬೆನ್ನಿಗೂ ಅದೇ ಏರಿದೆ. ಗೋಪುರದ ಫೋಟೊ ಮೊದಲ ಸಲ ಕಂಡವರು ಸಾಮಾನ್ಯವಾಗಿ ಮುಖ ಸಿಂಡರಿಸಿ ಹೇಳುವ ಮಾತು: “ಇದೇನ್ರಿ, ತಲಿ ಮ್ಯಾಲ ಭಾರ ಹೊರಿಸಿದಂಗ ಐತಿ.”